ಸಹಾಯ ಬೇಕು: ಒಂದು ಕಾಳಗ, ಆಮೇಲೆ ಬರೀ ನಿದ್ದೆ!

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸುತ್ತಾ ಪಾತ್ರಗಳಾಗಿ ಆಡುವ ಕಥೆಯಾಟ), 2014ರ ನಿಯಮ. ಎಲ್ಲರೂ 5ನೇ ಲೆವೆಲ್, ಆಟ ನಡೆಸುವವನು ನಾನು. ನಮ್ಮ ವಿಝಾರ್ಡ್ (ಮಂತ್ರವಾದಿ) ಮೊದಲ ಕಾಳಗದಲ್ಲೇ ಎರಡು ಫೈರ್‌ಬಾಲ್ (ಬೆಂಕಿಯುಂಡೆ ಮಂತ್ರ) ಎಸೆದುಬಿಡುತ್ತಾನೆ. ಗಾಬ್ಲಿನ್‌ಗಳು ಬೂದಿ. ಕೂಡಲೇ "ಮಲಗೋಣ ಕಣ್ರೋ" ಅನ್ನುತ್ತಾನೆ. ಎಂಟು ಗಂಟೆಯ ದೀರ್ಘ ವಿಶ್ರಾಂತಿ ಕಳೆದರೆ ಮಂತ್ರಗಳೆಲ್ಲ ವಾಪಸ್!

ಫೈಟರ್‌ನ ಆಕ್ಷನ್ ಸರ್ಜ್ (ಒಂದೇ ಸರದಿಯಲ್ಲಿ ಇನ್ನೊಂದು ಕ್ರಿಯೆ), ಇನ್ನೊಂದು ಬಗೆಯ ಮಂತ್ರವಾದಿ ವಾರ್ಲಾಕ್‌ನ ಮಂತ್ರಗಳು ಒಂದು ಗಂಟೆಯ ಸಣ್ಣ ವಿರಾಮಕ್ಕೇ ಮರಳುತ್ತವೆ. ದಿನಕ್ಕೆ ನಾಲ್ಕೈದು ಕಾಳಗ ಇದ್ದರೆ ತಾನೇ ಅದರ ಲಾಭ? ಫೈಟರ್ ಆಡುವವಳು ಕಳೆದ ಭಾನುವಾರ ಸುಮ್ನೆ ದಾಳಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಕೂತಿದ್ದಳು, ಪಾಪ.

ದೀರ್ಘ ವಿಶ್ರಾಂತಿ 24 ಗಂಟೆಗೆ ಒಂದೇ ಸಲ ಅಂತ ಹೇಳಿ ನೋಡಿದೆ. ಗುಹೆ ಬಾಗಿಲಲ್ಲೇ ದಿನವಿಡೀ ಕಾಯುತ್ತಾರೆ!

ಸಣ್ಣ ವಿರಾಮ 8 ಗಂಟೆ, ದೀರ್ಘ ವಿಶ್ರಾಂತಿ 7 ದಿನ ಅನ್ನುವ ಬದಲಿ ನಿಯಮ ಇದೆಯಲ್ವಾ, ಅದನ್ನು ಯಾರಾದರೂ ಆಡಿಸಿದ್ದೀರಾ? ವಿಝಾರ್ಡ್‌ಗೆ ಜಾಸ್ತಿ ಹೊಡೆತ ಬೀಳುತ್ತದೆಯೇ? ಮುಂದಿನ ಆಟ ಈ ಶನಿವಾರ.