ಮ್ಯಾಡ್ರಿಡ್‌ನಲ್ಲಿ ನಾಲ್ಕು ರಾತ್ರಿ: ಹೋಗಿ ಬಂದವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಯ ವಾರ ಆಫೀಸ್ ಕೆಲಸದ ಮೇಲೆ ಮ್ಯಾಡ್ರಿಡ್‌ಗೆ ಹೋಗುತ್ತಿದ್ದೇನೆ. ಜರ್ಮನಿಯಲ್ಲಿ ಓದುತ್ತಿರುವ ತಂಗಿಯೂ ಅಲ್ಲಿಗೆ ಬರುತ್ತಾಳೆ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ರಾತ್ರಿ ನಮ್ಮದೇ. ಅಲ್ಲಿನ ನೈಟ್‌ಕ್ಲಬ್‌ಗಳ ಬಗ್ಗೆ ಬಹಳ ಕೇಳಿದ್ದೇವೆ, ಆದರೆ ಪರಿಚಯದವರು ಯಾರೂ ಹೋಗಿಲ್ಲ. ನನಗೆ ಕುಡಿಯುವ ಅಭ್ಯಾಸ ಇಲ್ಲ, ಡ್ಯಾನ್ಸ್ ಅಂದರೆ ಪ್ರಾಣ. ತಂಗಿ ಪೂರ್ತಿ ಸಸ್ಯಾಹಾರಿ. ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಖರ್ಚಾಗುತ್ತದೆ, ಅಷ್ಟು ಹೊತ್ತಾದ ಮೇಲೆ ರೂಮಿಗೆ ವಾಪಸ್ ಬರುವುದು ಹೇಗೆ? ನಿಮ್ಮ ಅನುಭವ ಹೇಳಿ.

ಅಲ್ಲಿ ಎರಡು ವರ್ಷ ಓದಿದವನ ಉತ್ತರ

ಮೊದಲು ಹೊತ್ತಿನ ಲೆಕ್ಕ ಸರಿ ಮಾಡಿಕೊಳ್ಳಿ, ಉಳಿದದ್ದು ತಾನಾಗಿ ಕೂಡಿಬರುತ್ತದೆ. ನಾನು ಹೋದ ಮೊದಲ ಶನಿವಾರ ರಾತ್ರಿ 10 ಗಂಟೆಗೇ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಒಂದು ಡಿಸ್ಕೋ ಮುಂದೆ ನಿಂತೆ. ಅರ್ಧ ಎಳೆದ ಶಟರ್ ಹಿಂದೆ ಒಬ್ಬ ಹುಡುಗ ನೆಲ ಒರೆಸುತ್ತಿದ್ದ. ಬಗ್ಗಿ ನನ್ನನ್ನು ನೋಡಿದ, ಒಂದು ಬೆರಳೆತ್ತಿ ತೋರಿಸಿದ. ಒಂದು ಗಂಟೆಗೆ ಬಾ ಅಂತ. ಒಂದಕ್ಕೆ ಹೋದರೆ ಒಳಗೆ ಹತ್ತು ಜನರೂ ಇರಲಿಲ್ಲ. ಎರಡೂವರೆಗೆ ಕಾಲಿಡಲು ಜಾಗ ಇರಲಿಲ್ಲ. ಬೆಂಗಳೂರಿನ ಪಬ್‌ಗಳಲ್ಲಿ ಬಿಲ್ ತಂದಿಟ್ಟು ದೀಪ ಹಾಕುವ ಹೊತ್ತಿಗೆ ಅಲ್ಲಿನವರು ಡ್ಯಾನ್ಸ್‌ಗೆ ಹೊರಡುತ್ತಾರೆ.

ಇದಕ್ಕೆ ಗಡಿಯಾರವೂ ಒಂದು ಕಾರಣ. ನಕ್ಷೆಯಲ್ಲಿ ಸ್ಪೇನ್ ಇರುವುದು ಹೆಚ್ಚುಕಮ್ಮಿ ಲಂಡನ್‌ನ ನೇರಕ್ಕೆ. ಆದರೆ 1940ರಿಂದ ಅದರ ಗಡಿಯಾರ ಬರ್ಲಿನ್ ಜೊತೆ ಓಡುತ್ತಿದೆ. ಜೂನ್ ಕೊನೆಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೂರ್ಯ ಮುಳುಗುವಾಗ 10 ಗಂಟೆಗೆ ಕಾಲು ಗಂಟೆ ಬಾಕಿ ಇರುತ್ತದೆ. ಮಧ್ಯಾಹ್ನದ ಊಟ 2-3ಕ್ಕೆ, ರಾತ್ರಿ ಊಟ 9-10ಕ್ಕೆ. ಊಟವೇ ಹಾಗಿದ್ದ ಮೇಲೆ ಡ್ಯಾನ್ಸ್ ಬೇಗ ಹೇಗೆ ಶುರುವಾಗುತ್ತದೆ, ಅಲ್ವಾ?

ಹಾಗಾಗಿ ಸಂಜೆ ಎರಡು ಗಂಟೆ ಮಲಗಿ ಏಳಿ. 9ಕ್ಕೆ ಲಾ ಲತೀನಾ ಕಡೆಯ ಕಾವಾ ಬಾಹಾ ಬೀದಿಗೆ ಹೋಗಿ. ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಒಂದು ಬಾರ್‌ನಲ್ಲಿ ಒಂದು ತಿಂಡಿ, ಆಮೇಲೆ ಪಕ್ಕದ ಬಾರ್. ತಾಪಸ್ ತಿನ್ನುವ ರೀತಿಯೇ ಅದು. 11ರ ಮೇಲೆ ಮಲಸಾನ್ಯ ಬಡಾವಣೆ. 2ರ ಹೊತ್ತಿಗೆ ಡಿಸ್ಕೋ. ನಾನಿದ್ದಾಗ ಮೆಟ್ರೋ ರಾತ್ರಿ 1.30ಕ್ಕೆ ನಿಂತರೆ ಮತ್ತೆ ಓಡುತ್ತಿದ್ದದ್ದು ಬೆಳಗ್ಗೆ 6ಕ್ಕೆ. ಡಿಸ್ಕೋಗಳು ಬಾಗಿಲು ಹಾಕುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಮೊದಲ ಮೆಟ್ರೋದಲ್ಲಿ ಒಂದು ಸಾಲು ಕೆಲಸಕ್ಕೆ ಹೊರಟವರು, ಎದುರಿನ ಸಾಲು ಕುಣಿದು ದಣಿದವರು ಕೂತಿರುತ್ತಾರೆ. ನನಗೆ ಆ ಊರು ತುಂಬಾ ಇಷ್ಟವಾಗಿದ್ದೇ ಆ ಬೋಗಿಯಲ್ಲಿ.

ಮಲಸಾನ್ಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಸರ್ವಾಧಿಕಾರಿ ಫ್ರಾಂಕೋ ಸತ್ತದ್ದು 1975ರ ನವೆಂಬರ್‌ನಲ್ಲಿ. ಅಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದ ಊರು ಆಮೇಲೆ ಒಮ್ಮೆಲೇ ಬೀದಿಗೆ ಬಂತು. ಹಾಡು, ಸಿನಿಮಾ, ಫೋಟೋ, ಬಟ್ಟೆ, ತಲೆಗೂದಲಿನ ಬಣ್ಣ, ಎಲ್ಲದರಲ್ಲೂ ಹೊಸತು. ಅದನ್ನೇ ಲಾ ಮೊವೀದಾ ಅನ್ನುತ್ತಾರೆ. ಅದರ ಮನೆ ಈ ಮಲಸಾನ್ಯ. 1979ರಲ್ಲಿ ಶುರುವಾದ ಲಾ ವೀಯ ಲಾಕ್ತೆಯ ಅನ್ನುವ ಬಾರ್ ವೆಲಾರ್ದೆ ಬೀದಿಯಲ್ಲಿದೆ. ಗೋಡೆ ತುಂಬ ಹಳೆಯ ಪೋಸ್ಟರ್‌ಗಳು. ಅಲ್ಲೇ ಹತ್ತಿರ ದೋಸ್ ದೆ ಮಾಯೊ ಚೌಕ. 1808ರ ಮೇ 2ರಂದು ನೆಪೋಲಿಯನ್ ಸೈನ್ಯದ ವಿರುದ್ಧ ಊರವರು ತಿರುಗಿಬಿದ್ದ ಜಾಗ ಅದು. ಹಳೆಯ ಸೇನಾ ಠಾಣೆಯ ಇಟ್ಟಿಗೆ ಕಮಾನು ಇನ್ನೂ ನಿಂತಿದೆ. ಬೇಸಿಗೆಯ ಒಂದು ಶುಕ್ರವಾರ ರಾತ್ರಿ 12ಕ್ಕೆ ಆ ಕಮಾನಿನ ಹತ್ತಿರ ಅಜ್ಜಿಯೊಬ್ಬರು ಬೆಂಚಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದರು. ಮೊಮ್ಮಗ ಚೆಂಡು ಒದೆಯುತ್ತಿದ್ದ. ಯಾರೂ ಅವನಿಗೆ "ಮಲಗೋ ಹೊತ್ತಾಯ್ತು" ಅನ್ನಲಿಲ್ಲ. ಆ ರಾತ್ರಿ ನಾನು ಡಿಸ್ಕೋಗೆ ಹೋಗಲೇ ಇಲ್ಲ, ಅಲ್ಲೇ ಕೂತೆ. ನೀವೂ ಒಂದು ರಾತ್ರಿಯನ್ನು ಇದಕ್ಕೆ ಇಟ್ಟುಕೊಳ್ಳಿ. ಆದರೆ ಚೌಕದಲ್ಲಿ ಬಾಟಲಿ ಹಿಡಿದು ಕೂರುವವರ ಜೊತೆ ಸೇರಬೇಡಿ. ಅದಕ್ಕೆ ಬೊತೆಯೋನ್ ಅನ್ನುತ್ತಾರೆ. ಬೀದಿಯಲ್ಲಿ ಕುಡಿದರೆ ದಂಡ. ರಾತ್ರಿ 10ರ ಮೇಲೆ ಅಂಗಡಿಗಳು ಮದ್ಯ ಮಾರುವಂತೆಯೂ ಇಲ್ಲ.

ಖರ್ಚು: ನಾನಿದ್ದಾಗ ಡಿಸ್ಕೋ ಪ್ರವೇಶ ಸಾಮಾನ್ಯವಾಗಿ 15-20 ಯೂರೋ, ಅದರಲ್ಲೇ ಒಂದು ಡ್ರಿಂಕ್. ಮೊದಲೇ ಆನ್‌ಲೈನ್‌ನಲ್ಲಿ ಹೆಸರು ಬರೆಸಿ ಬೇಗ ಹೋದರೆ ಕಡಿಮೆ. ಊರ ನಡುವಿನ ಸೋಲ್ ಚೌಕದ ಸುತ್ತಮುತ್ತ ಕೈಗೆ ಚೀಟಿ ತುರುಕುವವರು ಬಹಳ. ಚೀಟಿ ತಗೊಳ್ಳಿ, ಓದಿ, ಆದರೆ ಅವರ ಹಿಂದೆ ಹೋಗಬೇಡಿ.

ಇನ್ನೊಂದು ವಿಷಯ. ದಾರಿ ಕೇಳುವಾಗ "ಕ್ಲಬ್" ಅನ್ನಬೇಡಿ, "ದಿಸ್ಕೊತೇಕಾ" ಅನ್ನಿ. ಸ್ಪೇನ್‌ನ ಹೆದ್ದಾರಿ ಪಕ್ಕ ಕ್ಲಬ್ ಅಂತ ಕೆಂಪು ದೀಪದಲ್ಲಿ ಬರೆದಿದ್ದರೆ ಅದು ಡ್ಯಾನ್ಸ್ ಮಾಡುವ ಜಾಗ ಅಲ್ಲ, ವೇಶ್ಯಾಗೃಹ.

ಮೂರು ಸಲ ಹೋಗಿ ಬಂದ ಮೈಸೂರಿನವಳ ಉತ್ತರ

ಮೇಲಿನವರು ಹೇಳಿದ್ದೆಲ್ಲ ನಿಜ. ಆದರೆ ಹೆಣ್ಣುಮಗಳು ಜೊತೆಗಿರುವುದರಿಂದ ಕೆಲವು ಮಾತು ಸೇರಿಸುತ್ತೇನೆ. ತಂಗಿಗೂ ಓದಿಸಿ.

ಮ್ಯಾಡ್ರಿಡ್‌ನಲ್ಲಿ ರಾತ್ರಿ 3ಕ್ಕೂ ಬೀದಿ ತುಂಬ ಜನ. ಹೆಂಗಸರು ಒಬ್ಬೊಬ್ಬರೇ ನಡೆದು ಹೋಗುತ್ತಿರುತ್ತಾರೆ. ಅದು ನನಗೆ ಎಷ್ಟು ನೆಮ್ಮದಿ ಕೊಟ್ಟಿತು ಅಂದರೆ, ಮೂರನೇ ರಾತ್ರಿಗೆ ಮೈಮರೆತೆ. ಡಿಸ್ಕೋ ಬಾಗಿಲಲ್ಲಿ ಒಬ್ಬ ನಗುತ್ತಾ ಬಂದು ಹೆಗಲ ಮೇಲೆ ಕೈ ಹಾಕಿ ಎರಡು ಹೆಜ್ಜೆ ಕುಣಿದ. ನಾನೂ ನಕ್ಕೆ. ಅವನು ಹೋದ ಮೇಲೆ ಜಾಕೆಟ್ ಜೇಬು ಮುಟ್ಟಿದರೆ ಫೋನ್ ಇಲ್ಲ. ರೂಮಿನ ವಿಳಾಸ, ಟಿಕೆಟ್ ಎಲ್ಲ ಅದರಲ್ಲೇ ಇತ್ತು. ಹಾಗಾಗಿ ಜಿಪ್ ಇರುವ ಸಣ್ಣ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ. ಹೋಟೆಲ್ ವಿಳಾಸವನ್ನು ಒಂದು ಕಾಗದದಲ್ಲಿ ಬರೆದು ಬೇರೆ ಜೇಬಿನಲ್ಲಿ ಇಡಿ. ದಪ್ಪ ಜಾಕೆಟ್ ಇದ್ದರೆ ದುಡ್ಡು ಕೊಟ್ಟು ಒಳಗಿನ ಕೌಂಟರ್‌ನಲ್ಲಿಟ್ಟು ಟೋಕನ್ ತಗೊಳ್ಳಿ, ಕುರ್ಚಿ ಮೇಲೆ ಬಿಡಬೇಡಿ. ಲೋಟ ಕೈಯಲ್ಲೇ ಇರಲಿ. ತೊಂದರೆಯಾದರೆ 112ಕ್ಕೆ ಫೋನ್ ಮಾಡಿ.

ಡ್ಯಾನ್ಸ್ ಅಂದರೆ ಪ್ರಾಣ ಅಂದಿರಲ್ಲ, ಅತೋಚಾ ರೈಲು ನಿಲ್ದಾಣದ ಹತ್ತಿರದ ಕಪಿತಾಲ್ ಡಿಸ್ಕೋ ನೋಡಿ. ಏಳು ಮಹಡಿ, ಬೇರೆ ಬೇರೆ ಮಹಡಿಯಲ್ಲಿ ಬೇರೆ ಸಂಗೀತ. ಪ್ರವಾಸಿಗಳೇ ಜಾಸ್ತಿ, ಆದರೂ ಮೊದಲ ಸಲಕ್ಕೆ ಚೆನ್ನಾಗಿದೆ. ನನಗೆ ಮಾತ್ರ ಚುವೇಕಾ ಕಡೆಯ ಸಣ್ಣ ಜಾಗಗಳೇ ಇಷ್ಟ. ಗೇ ಮತ್ತು ಲೆಸ್ಬಿಯನ್ ಸಮುದಾಯದವರು ಕಟ್ಟಿ ಬೆಳೆಸಿದ ಬಡಾವಣೆ ಅದು. ಅಲ್ಲಿ ಯಾರೂ ದುರುಗುಟ್ಟಿ ನೋಡಲಿಲ್ಲ, ನೆಮ್ಮದಿಯಾಗಿ ಕುಣಿದೆ.

ಎಲ್ಲಿಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳಿ. 1983ರ ಡಿಸೆಂಬರ್‌ನಲ್ಲಿ ಇದೇ ಊರಿನ ಅಲ್ಕಲಾ 20 ಅನ್ನುವ ಡಿಸ್ಕೋದಲ್ಲಿ ಬೆಂಕಿ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ಒಂದು ನಿಮಿಷದ ಕೆಲಸ, ಮಾಡಿ.

ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ. ನನ್ನ ಫೋನ್‌ನಲ್ಲಿದ್ದ ಪಾಸ್‌ಪೋರ್ಟ್ ಫೋಟೋ ಒಂದು ಕಡೆ ನಡೆಯಿತು, ಇನ್ನೊಂದು ಕಡೆ ನಡೆಯಲಿಲ್ಲ. ಚಪ್ಪಲಿ, ಆಟದ ಬಟ್ಟೆ ಹಾಕಿ ಹೋಗಬೇಡಿ.

ಮನೆಯವರೊಂದಿಗೆ ಹೋಗಿದ್ದ ಧಾರವಾಡದವರ ಉತ್ತರ

ಊಟದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನನ್ನ ಹೆಂಡತಿ ಅಲ್ಲಿ ಮೋಸ ಹೋದಳು. "ವೆಹೆತಾಲ್" ಅಂತ ಬರೆದ ಸ್ಯಾಂಡ್‌ವಿಚ್ ಸಸ್ಯಾಹಾರ ಅಂದುಕೊಳ್ಳಬೇಡಿ. ಅದರೊಳಗೆ ಮೊಟ್ಟೆ, ಎಷ್ಟೋ ಸಲ ಟ್ಯೂನಾ ಮೀನು ಇರುತ್ತದೆ. "ಮಾಂಸ ಬೇಡ" ಅಂದರೂ ಹಂದಿ ತೊಡೆಯ ಹಾಮೋನ್ ಚೂರುಗಳು ತಟ್ಟೆಗೆ ಬಂದೇ ಬರುತ್ತವೆ. "ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಪೆಸ್ಕಾದೊ" ಅಂತ ಮೂರನ್ನೂ ಹೇಳಿ. ಮಾಂಸ ಇಲ್ಲದೆ, ಹಾಮೋನ್ ಇಲ್ಲದೆ, ಮೀನು ಇಲ್ಲದೆ ಅಂತ. ಉಪ್ಪು ಹಾಕಿ ಹುರಿದ ಪದ್ರೋನ್ ಮೆಣಸಿನಕಾಯಿ ನಮ್ಮ ಬಾಯಿಗೆ ಹೇಳಿ ಮಾಡಿಸಿದ ಹಾಗಿದೆ. ಲವಾಪಿಯೆಸ್ ಬಡಾವಣೆಯಲ್ಲಿ ಭಾರತೀಯ ಹೋಟೆಲ್‌ಗಳ ಸಾಲೇ ಇದೆ.

ಮತ್ತೊಂದು, ನಾಲ್ಕರಲ್ಲಿ ಒಂದು ರಾತ್ರಿ ಸ್ಪೇನ್‌ನ ಫ್ಲಮೆಂಕೋ ನೃತ್ಯಕ್ಕೆ ಕೊಡಿ. 1956ರಿಂದ ನಡೆಯುತ್ತಿರುವ ಕೊರಾಲ್ ದೆ ಲಾ ಮೊರೆರೀಯ ದುಬಾರಿ, ಸಣ್ಣ ಜಾಗಗಳೂ ಇವೆ. ನಾವು ವೇದಿಕೆಗೆ ಒಂದು ಮಾರು ದೂರದಲ್ಲಿ ಕೂತಿದ್ದೆವು. ಕುಣಿಯುತ್ತಿದ್ದಾಕೆಯ ಹಿಮ್ಮಡಿ ಹಲಗೆಗೆ ಬಡಿದಾಗ ನನ್ನ ಮೇಜಿನ ಮೇಲಿನ ಲೋಟದ ನೀರು ಅಲುಗಿತು. ಪಕ್ಕದಲ್ಲಿ ಕೂತವರು ಚಪ್ಪಾಳೆಯಲ್ಲೇ ತಾಳ ಹಿಡಿದಿದ್ದರು. ತಾಳ ಬಲ್ಲ ನಿಮಗೆ ಅದು ಖಂಡಿತ ಹಿಡಿಸುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ, ತಂಗಿಗೆ ಪೂರ್ತಿ ಓದಿಸಿದೆ. ಇನ್ನೆರಡು ಪ್ರಶ್ನೆ. ಕುಡಿಯದವನು ಪ್ರವೇಶದ ಜೊತೆ ಬರುವ ಡ್ರಿಂಕ್ ಏನು ಮಾಡಬೇಕು? ಬೆಳಗಿನ 6ರವರೆಗೆ ತಡೆಯಲು ಆಗದಿದ್ದರೆ?

ಅಲ್ಲಿ ಓದಿದವನು

ಆ ಟಿಕೆಟ್‌ಗೆ ಕೋಕ್, ಜ್ಯೂಸ್ ಏನು ಬೇಕಾದರೂ ಕೇಳಿ. ಆಲ್ಕೋಹಾಲ್ ಇಲ್ಲದ ಬಿಯರ್ ಅಲ್ಲಿ ಎಲ್ಲ ಕಡೆ ಸಿಗುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಬಾರ್, ಹೋಟೆಲ್‌ಗಳಲ್ಲಿ ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕು ಅಂತ 2022ರಿಂದ ಕಾನೂನೇ ಇದೆ.

ಬೇಗ ಹೊರಡಬೇಕಾದರೆ ಸಿಬೆಲೆಸ್ ಚೌಕಕ್ಕೆ ನಡೆಯಿರಿ. ರಾತ್ರಿ ಬಸ್‌ಗಳು ಅಲ್ಲಿಂದ ಹೊರಡುತ್ತವೆ. ಜನ ಅವಕ್ಕೆ ಬೂಹೋ ಅನ್ನುತ್ತಾರೆ, ಅಂದರೆ ಗೂಬೆ. ಟ್ಯಾಕ್ಸಿ ಬೇಕಾದರೆ ಬಾಗಿಲ ಮೇಲೆ ಓರೆಯಾಗಿ ಕೆಂಪು ಪಟ್ಟಿ ಇರುವ ಬಿಳಿ ಕಾರು ನೋಡಿ. ಮೇಲೆ ಹಸಿರು ದೀಪ ಇದ್ದರೆ ಖಾಲಿ ಇದೆ ಅಂತ.

ದಿನಾಂಕವನ್ನೂ ನೋಡಿಕೊಳ್ಳಿ. ಅಕ್ಟೋಬರ್‌ನ ಕೊನೆಯ ಭಾನುವಾರ ಬೆಳಗಿನ ಜಾವ 3 ಗಂಟೆಗೆ ಗಡಿಯಾರವನ್ನು ಮತ್ತೆ 2ಕ್ಕೆ ತಿರುಗಿಸುತ್ತಾರೆ. ಫೋನ್ ತಾನೇ ಬದಲಾಗುತ್ತದೆ, ಕೈಗಡಿಯಾರ ಕಟ್ಟಿದ್ದರೆ ನೀವೇ ತಿರುಗಿಸಬೇಕು.

6ರವರೆಗೆ ತಡೆದರೆ, ಆ ಹೊತ್ತಿಗೆ ತೆರೆದಿದೆಯಾ ಅಂತ ನೋಡಿಕೊಂಡು ಸೋಲ್ ಹತ್ತಿರದ ಸಾನ್ ಹಿನೆಸ್‌ಗೆ ಹೋಗಿ. 1894ರ ಅಂಗಡಿ. ಬೆಳಗಿನ ಜಾವ ಅಲ್ಲಿ ಚುರೋಸ್ ತಿನ್ನುವುದು ಹಳೆಯ ರೂಢಿ. ಗೋಧಿ ಹಿಟ್ಟಿನ ಉದ್ದನೆಯ ಕರಿದ ತಿಂಡಿ ಅದು. ಜೊತೆಗೆ ಕೊಡುವ ಬಿಸಿ ಚಾಕೊಲೇಟ್ ಎಷ್ಟು ಗಟ್ಟಿ ಅಂದರೆ ಕುಡಿಯುವುದಕ್ಕಿಂತ ಅದ್ದಿಕೊಂಡು ತಿನ್ನುವುದೇ ಸುಲಭ. ನಾವು ಹೋದಾಗ ಮೊದಲು ಕೌಂಟರ್‌ನಲ್ಲಿ ದುಡ್ಡು ಕೊಟ್ಟು, ಚೀಟಿ ತಗೊಂಡು ಆಮೇಲೆ ಕೂರಬೇಕಿತ್ತು. ಇಬ್ಬರಿಗೆ ಒಂದು ಪ್ಲೇಟ್ ಸಾಲುವುದಿಲ್ಲ, ಎರಡು ಹೇಳಿ.