ಜ್ವಾಲೆ ಆರಿದ ಮೇಲೆ ಮಾಸ್ಕ್ ತೆಗೆಯಬಹುದಾ?

ಪ್ರಶ್ನೆ: ನನ್ನ ತಮ್ಮ ಹೊಸದಾಗಿ ಅಗ್ನಿಶಾಮಕ ದಳಕ್ಕೆ ಸೇರಿದ್ದಾನೆ. ಮೊನ್ನೆ ಹಾಸಿಗೆ ಗೋದಾಮಿನ ಬೆಂಕಿ ಆರಿಸಿ ಬಂದವನು ರಾತ್ರಿಯೆಲ್ಲ ಕೆಮ್ಮಿದ. ತಲೆನೋವು ಬೇರೆ. ಮೂಗು ಸೀಟಿದರೆ ಬರೀ ಮಸಿ. "ಬೆಂಕಿ ಆರಿದ ಮೇಲೆ ಮಾಸ್ಕ್ ಯಾಕಕ್ಕ?" ಅನ್ನುತ್ತಾನೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ದಳದಿಂದ ನಿವೃತ್ತರಾದವರು:
ತಂಗಿ, ಅವನು ಹೇಳುವ ಆ ಹೊತ್ತೇ ಮೋಸದ್ದು. ಜ್ವಾಲೆ ಕಾಣುವಾಗ ಬಿಎ ಸೆಟ್ (ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್) ಹಾಕಿಕೊಳ್ಳಿ ಅಂತ ಯಾರಿಗೂ ಹೇಳಬೇಕಾಗಿಲ್ಲ. ಆಮೇಲೆ ಸುಟ್ಟದ್ದನ್ನೆಲ್ಲ ಎಳೆದು, ಕೆದಕಿ, ಒಳಗಿನ ಕೆಂಡ ಹುಡುಕಬೇಕಲ್ವಾ, ಆಗ ಮಾಸ್ಕ್ ಇಳಿಯುತ್ತದೆ. ಸೆಕೆ, ಸುಸ್ತು, ಸಿಲಿಂಡರೂ ಖಾಲಿ. ಆದರೆ ಗಾಳಿ ಸಾಲದೆ ಒಳಗೊಳಗೇ ಸುಡುವ ವಸ್ತುವೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಜಾಸ್ತಿ ಬಿಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಫೋಮ್ ಹಾಸಿಗೆಯಾದರೆ ಹೈಡ್ರೋಜನ್ ಸೈನೈಡ್ ಕೂಡ ಬರುತ್ತದೆ. ಒದ್ದೆ ಟವೆಲ್ ಸ್ವಲ್ಪ ಮಸಿ ತಡೆದೀತು, ಈ ಅನಿಲಗಳನ್ನು ತಡೆಯದು. ಹೊಗೆ ತೆಳುವಾಯಿತು ಅಂತ ಕಣ್ಣನ್ನು ನಂಬಬೇಡಿ, ಗ್ಯಾಸ್ ಮೀಟರ್ ಹಿಡಿದು ನೋಡಿ.

6.8 ಲೀಟರ್ ಸಿಲಿಂಡರಿಗೆ 300 ಬಾರ್ ಒತ್ತಡಕ್ಕೆ ತುಂಬಿದರೆ ಸುಮಾರು 2,000 ಲೀಟರ್ ಗಾಳಿ. ಲೆಕ್ಕಕ್ಕೆ ಮುಕ್ಕಾಲು ಗಂಟೆ. ಮೆಟ್ಟಿಲು ಹತ್ತಿ, ಹೋಸ್ ಎಳೆದು ಏದುಸಿರು ಬಿಡುವವನಿಗೆ ಅರ್ಧ ಗಂಟೆ ಬಂದರೆ ಹೆಚ್ಚು. ಹಾಗಾಗಿ ಕೆದಕುವ ಕೆಲಸಕ್ಕೆ ತುಂಬಿದ ಸಿಲಿಂಡರ್ ಬೇಕು, ಜೊತೆಗೆ ದಣಿಯದ ಬೇರೆ ಜನ ಬೇಕು. ಇದು ಮೇಲಿನವರ ಜವಾಬ್ದಾರಿ, ಹೊಸ ಹುಡುಗನ ಮೇಲೆ ಬಿಡುವಂಥದ್ದಲ್ಲ. ಅವನು ಮಾಡಬೇಕಾದ್ದು ಗಡ್ಡ ನುಣ್ಣಗೆ ಬೋಳಿಸುವುದು. ಕುರುಚಲು ಇದ್ದರೂ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ.

ತುರ್ತು ವಿಭಾಗದ ನರ್ಸ್:
ಅಕ್ಕ, ನನಗೆ ಕೆಮ್ಮಿಗಿಂತ ಆ ತಲೆನೋವಿನದೇ ಚಿಂತೆ. ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅಂಟುತ್ತದೆ. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯದು, ಎಲ್ಲ ಸರಿಯಿದೆ ಅನ್ನುವಂತೆ 98 ತೋರಿಸಿಬಿಡುತ್ತದೆ. ಮುಂದಿನ ಸಲ ತಲೆನೋವು, ವಾಕರಿಕೆ, ಮಂಕು ಕಂಡರೆ ಸ್ಥಳದಿಂದಲೇ ಆಸ್ಪತ್ರೆಗೆ ಬರಲಿ. ಬೇಗ ಆಮ್ಲಜನಕ ಕೊಡಬೇಕು, ಬೇಗ ರಕ್ತ ತೆಗೆಯಬೇಕು. ತಡವಾದರೆ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ದನಿ ಒಡೆದರೆ, ಉಸಿರಾಡುವಾಗ ಸದ್ದು ಬಂದರೆ ಒಂದು ನಿಮಿಷವೂ ಕಾಯಬೇಡಿ, ಗಂಟಲು ಊದಿಕೊಳ್ಳುತ್ತಿರಬಹುದು. ಈಗಲೂ ಕೆಮ್ಮು ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.

ಫೈರ್‌ಮ್ಯಾನ್ ಹೆಂಡತಿ:
ನಮ್ಮವರದೂ ಇದೇ ಕೆಲಸ. ಮಸಿ ಬಟ್ಟೆ ನಮ್ಮ ಮನೆ ಹೊಸ್ತಿಲು ದಾಟುವುದಿಲ್ಲ. ಸ್ಥಳದಲ್ಲೇ ಬ್ರಷ್ ಹಾಕಿ, ನೀರು ಬಿಟ್ಟು, ಚೀಲದಲ್ಲಿ ಕಟ್ಟಿ ಠಾಣೆಯಲ್ಲೇ ತೊಳೆಯುತ್ತಾರೆ. ಮುಖ, ಕುತ್ತಿಗೆ, ಕೈ ಅಲ್ಲೇ ಒರೆಸಿಕೊಳ್ಳಬೇಕು, ಮಸಿಯಲ್ಲಿನ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ. ಕೈ ತೊಳೆಯದೆ ಟೀ, ಬಿಸ್ಕತ್ತು ಮುಟ್ಟಬಾರದು. ಸುಮ್ನೆ ಹೆದರಿಸುತ್ತಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಈ ವೃತ್ತಿಯನ್ನೇ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿದೆ.

ಕಾಡಿನ ಬೆಂಕಿ ಆರಿಸುವವರು:
ನಾವು ಸಿಲಿಂಡರ್ ಹೊತ್ತು ದಿನವಿಡೀ ಗುಡ್ಡ ಹತ್ತಲಾಗದು. ಎನ್-95 ಹಾಕಿಕೊಳ್ಳುತ್ತೇವೆ, ಅದು ಕಣಗಳಿಗೆ ಮಾತ್ರ. ಹಾಗಾಗಿ ಗಾಳಿ ಬೀಸಿ ಬರುವ ಕಡೆ ನಿಲ್ಲುವುದು, ಹೊಗೆಯಲ್ಲಿರುವವರನ್ನು ಆಗಾಗ ಬದಲಿಸುವುದು, ಊಟ ನಿದ್ದೆಗೆ ಹೊಗೆ ಬಾರದ ಜಾಗ ಹುಡುಕುವುದು. ಗೋದಾಮಿನ ಹೊರಗೆ ಪಂಪ್ ನೋಡಿಕೊಳ್ಳುವವರಿಗೂ ಇದನ್ನು ಹೇಳಿ, ಅವರ ಮುಖಕ್ಕೆ ಮಾಸ್ಕೇ ಇರುವುದಿಲ್ಲ.