ಗೆಳೆಯರ ಕುಟುಂಬದ ಜೊತೆ ಹಾಯಿದೋಣಿ ಪ್ರವಾಸ: ಹೋಗಿ ಬಂದವರು ಸ್ವಲ್ಪ ಹೇಳಿ

ಕುವೆಂಪುನಗರ, ಮೈಸೂರು:
ನಮ್ಮ ಯಜಮಾನರ ಕಾಲೇಜು ಗೆಳೆಯರು ಜನವರಿಯಲ್ಲಿ ಜರ್ಮನಿಯಿಂದ ಮನೆಮಂದಿ ಸಮೇತ ಬರುತ್ತಿದ್ದಾರೆ. ಅರಮನೆ, ಬೆಟ್ಟ, ರಂಗನತಿಟ್ಟು ಎಲ್ಲ ಹೋದ ಸಲವೇ ತೋರಿಸಿಯಾಗಿದೆ. ಈ ಸಲ ಥಾಯ್ಲೆಂಡಿನ ಫುಕೆಟ್‌ಗೆ ಹೋಗಿ, ಹಾಯಿದೋಣಿ ಬಾಡಿಗೆಗೆ ಹಿಡಿದು ಒಂದು ವಾರ ದ್ವೀಪ ಸುತ್ತೋಣ ಅನ್ನುತ್ತಿದ್ದಾರೆ. ಎರಡು ಮನೆ ಸೇರಿ ಎಂಟು ಜನ, ಅದರಲ್ಲಿ ನಾಲ್ಕು ಮಕ್ಕಳು. ಗೆಳೆಯರಿಗೆ ಜರ್ಮನಿಯ ಕೆರೆಯಲ್ಲಿ ಹಾಯಿ ನಡೆಸಿ ಅಭ್ಯಾಸವಿದೆಯಂತೆ, ಕ್ಯಾಪ್ಟನ್ ಬೇಡ, ದುಡ್ಡು ದಂಡ ಅನ್ನುತ್ತಾರೆ. ನಾನೋ ಮಡಿಕೇರಿ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವಳು. ಏನು ಮಾಡಲಿ?

ಸರಸ್ವತಿಪುರಂ:
ನಾವು ಎರಡು ವರ್ಷದ ಹಿಂದೆ ಜನವರಿಯಲ್ಲೇ ಹೋಗಿದ್ದೆವು. ಕಾಲ ಸರಿಯಾಗಿದೆ. ನವೆಂಬರ್‌ನಿಂದ ಏಪ್ರಿಲ್ ತನಕ ಅಲ್ಲಿ ಈಶಾನ್ಯದ ಗಾಳಿ. ಫುಕೆಟ್‌ನ ಪೂರ್ವಕ್ಕಿರುವ ಫಂಗ್ ಙಾ ಕೊಲ್ಲಿಗೆ ಉತ್ತರಕ್ಕೂ ಪೂರ್ವಕ್ಕೂ ನೆಲದ ಮರೆ ಇರುವುದರಿಂದ ಅಲೆ ಕಡಿಮೆ. (ಅಕ್ಷರಮಾಲೆಯ 'ಙ' ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು ನೋಡಿ!) ಮೊದಲ ಸಲ ಹೋಗುವವರು ಆ ಕೊಲ್ಲಿಯಲ್ಲೇ ಇದ್ದುಬಿಡುವುದು ಒಳ್ಳೆಯದು.

ದೋಣಿ ಕ್ಯಾಟಮರಾನ್ ಇರಲಿ, ಅಂದರೆ ಎರಡು ಒಡಲಿನದು. ಒಂದೇ ಒಡಲಿನ ದೋಣಿ ಗಾಳಿಗೆ ಒಂದು ಕಡೆ ವಾಲಿಕೊಂಡೇ ಓಡುತ್ತದೆ. ಕ್ಯಾಟಮರಾನ್ ಅಷ್ಟಾಗಿ ವಾಲುವುದಿಲ್ಲ, ಟೇಬಲ್ ಮೇಲಿನ ಲೋಟ ಅಲ್ಲೇ ಇರುತ್ತದೆ. ವೇಗ ಮಾತ್ರ ಐದಾರು ನಾಟ್, ಗಂಟೆಗೆ ಸುಮಾರು ಹತ್ತು ಕಿಲೋಮೀಟರ್. ಸೈಕಲ್‌ನಲ್ಲಿ ಶ್ರೀರಂಗಪಟ್ಟಣಕ್ಕೆ ಹೋದ ಹಾಗೆ. ದಿನಕ್ಕೆ ಎರಡು ಮೂರು ಗಂಟೆ ಸಾಗಿ, ಲಂಗರು ಹಾಕಿ, ಈಜಿ, ಊಟ ಮಾಡಿ. ನಕ್ಷೆ ನೋಡಿ ಹತ್ತು ದ್ವೀಪ ಬರೆದುಕೊಂಡು ಹೋದ ನಾವು ನಾಲ್ಕು ನೋಡಿದೆವು. ಅದೇ ಜಾಸ್ತಿ ಅನ್ನಿಸಿತು.

ಕ್ಯಾಪ್ಟನ್ ಬೇಕೇ ಬೇಕು ಮೇಡಂ. ಕೆರೆಯಲ್ಲಿ ಉಬ್ಬರ ಇಳಿತ ಇರುವುದಿಲ್ಲ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ನೀರು ಎರಡೂವರೆ ಮೀಟರ್‌ಗೂ ಮೇಲೆ ಏರಿ ಇಳಿಯುತ್ತದೆ. ಕೊಲ್ಲಿಯ ಮೇಲ್ಭಾಗ ಆಳವೂ ಇಲ್ಲ. ಸುಣ್ಣಕಲ್ಲಿನ ಗುಡ್ಡಗಳ ಹೊಟ್ಟೆಯಲ್ಲಿ 'ಹಾಂಗ್' ಅನ್ನುವ ಜಾಗಗಳಿವೆ. ಥಾಯ್ ಭಾಷೆಯಲ್ಲಿ ಹಾಗೆಂದರೆ ಕೋಣೆ. ಗುಹೆಯಂಥ ಕಿಂಡಿಯಲ್ಲಿ ಕಯಾಕ್ (ಹುಟ್ಟು ಹಾಕುವ ಪುಟ್ಟ ದೋಣಿ) ತೂರಿಸಿಕೊಂಡು ಹೋದರೆ ಒಳಗೆ ಸುತ್ತ ಗೋಡೆ, ಮೇಲೆ ಬರೀ ಆಕಾಶ. ನೀರು ಏರಿದರೆ ಕಿಂಡಿಯೇ ಮುಚ್ಚಿಹೋಗುತ್ತದೆ. "ಈಗ ಹೊರಡಿ" ಅಂತ ನಮ್ಮ ಕ್ಯಾಪ್ಟನ್ ಹೇಳಿದಾಗ ನನ್ನ ಮಗ ಇನ್ನೈದು ನಿಮಿಷ ಅಂದ. ಆತ ನಗಲಿಲ್ಲ. ಹೊರಗೆ ಬರುವಾಗ ಎಲ್ಲರೂ ಕಯಾಕ್‌ನಲ್ಲಿ ಮಲಗಿಕೊಂಡೇ ಬರಬೇಕಾಯಿತು.

ನೀರಿನ ವಿಷಯದಲ್ಲಿ ನಾವು ಕೆಟ್ಟೆವು. ಕಾವೇರಿ ನೀರಿನಲ್ಲಿ ಬೆಳೆದವರು, ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುವವರು. ಮೂರನೇ ದಿನಕ್ಕೆ ಟ್ಯಾಂಕ್ ಖಾಲಿ. ತುಂಬಿಸಲು ಮರೀನಾಕ್ಕೆ, ಅಂದರೆ ದೋಣಿ ನಿಲ್ಲಿಸುವ ಕಟ್ಟೆಗೆ, ವಾಪಸ್ ಹೋಗಿ ಅರ್ಧ ದಿನ ಹಾಳಾಯಿತು. ಟಾಯ್ಲೆಟ್ ಪೈಪ್ ಸಣ್ಣದು, ಕಾಗದ ಬುಟ್ಟಿಗೇ ಹಾಕಬೇಕು. ನಮ್ಮ ಕಡೆಯ ಒಬ್ಬರು ಒದ್ದೆ ಟಿಶ್ಯೂ ಹಾಕಿದರು. ಯಾರು ಅಂತ ಹೇಳುವುದಿಲ್ಲ, ಮನೆಯಲ್ಲಿ ಇದನ್ನು ಓದುತ್ತಾರೆ.

ವಿದ್ಯಾನಗರ, ಮಂಡ್ಯ:
ಒಂದು ವಾರ ಜಾಸ್ತಿ ಕಣ್ರೀ. ಮೂರು ರಾತ್ರಿ ಸಾಕು. ನಮ್ಮದು ಕೆಟ್ಟಿದ್ದು ಸಮುದ್ರದಿಂದ ಅಲ್ಲ, ಲೆಕ್ಕದಿಂದ. ನಾವು ಐವರು, ಗೆಳೆಯರು ಇಬ್ಬರು. ಡೀಸೆಲ್ ದುಡ್ಡು ತಲೆ ಎಣಿಸಿ ಹಂಚಬೇಕೋ, ಕ್ಯಾಬಿನ್ ಎಣಿಸಿ ಹಂಚಬೇಕೋ ಅಂತ ಶುರುವಾಗಿದ್ದು ಇವತ್ತಿಗೂ ಮುಗಿದಿಲ್ಲ. ಬಾಡಿಗೆ ಬಿಟ್ಟು ಡೀಸೆಲ್, ದಿನಸಿ, ಕ್ಯಾಪ್ಟನ್ ಊಟ, ನ್ಯಾಷನಲ್ ಪಾರ್ಕ್ ಟಿಕೆಟ್ ಎಲ್ಲ ಬೇರೆ ಬೇರೆ ಬರುತ್ತವೆ. ದೋಣಿಗೆ ಡೆಪಾಸಿಟ್ ಕೂಡ ಇಡಬೇಕು, ಗೀಚಿದರೆ ಯಾರ ತಲೆಗೆ? ಹತ್ತುವ ಮೊದಲೇ ಮಾತಾಡಿಕೊಳ್ಳಿ. ಒಂದು ಡಬ್ಬಿಗೆ ದುಡ್ಡು ಹಾಕಿ, ಅದರಿಂದಲೇ ಖರ್ಚು ಮಾಡಿ.

ವಿಜಯನಗರ ಎರಡನೇ ಹಂತ, ಮೈಸೂರು (ನಾನು ನರ್ಸ್):
ವಾಂತಿ ಬಗ್ಗೆ ಯಾರೂ ಹೇಳಲೇ ಇಲ್ಲ, ಅಲ್ವಾ. ಕಿವಿಯೊಳಗಿನ ಸಮತೋಲನದ ಭಾಗ "ಅಲುಗಾಡ್ತಿದೀವಿ" ಅನ್ನುತ್ತದೆ, ಕಣ್ಣು ಕ್ಯಾಬಿನ್ ಗೋಡೆ ನೋಡಿ "ಇಲ್ಲ" ಅನ್ನುತ್ತದೆ. ಅಲ್ಲಿಂದ ಶುರು. ಹಾಗಾಗಿ ಒಳಗೆ ಹೋಗಿ ಮಲಗಬೇಡಿ, ಮೊಬೈಲ್ ನೋಡಬೇಡಿ. ಹೊರಗೆ ಕೂತು ದೂರದ ನೀರಿನ ಅಂಚು ನೋಡಿ. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ. ಕೆಲವು ಮಾತ್ರೆಗೆ ನಿದ್ದೆ ಬರುತ್ತದೆ. ಮಕ್ಕಳಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟೂ ಬೇಡ. ಅಡುಗೆ ಲಂಗರು ಹಾಕಿದ ಮೇಲೆ ಮಾಡಿ. ಬಂದೇ ಬಿಟ್ಟರೆ ಗಾಳಿ ಹೋಗುವ ಕಡೆ ಬಗ್ಗಿ. ಗಾಳಿಗೆ ಎದುರು ಬಗ್ಗಿದವರ ಗತಿ ನಾನು ಕಣ್ಣಾರೆ ನೋಡಿದ್ದೇನೆ.

ಕುವೆಂಪುನಗರ:
ತುಂಬಾ ಉಪಕಾರವಾಯಿತು. ನಾವು ಸಸ್ಯಾಹಾರಿಗಳು, ಅಲ್ಲಿ ಏನು ತಿನ್ನುವುದು?

ಸರಸ್ವತಿಪುರಂ:
'ಜೇ' ಅನ್ನುವ ಪದ ಕಲಿಯಿರಿ. ಮಾಂಸ, ಮೊಟ್ಟೆ, ಮೀನಿನ ಸಾಸ್ ಮಾತ್ರವಲ್ಲ, ಬೆಳ್ಳುಳ್ಳಿಯೂ ಇಲ್ಲದ ಊಟ ಅಂತ ಅರ್ಥ. ಬರೀ ತರಕಾರಿ ಅಂದರೆ ಮೀನಿನ ಸಾಸ್ ಬಿದ್ದೇ ಬೀಳುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಬಟ್ಟೆ ಚೀಲವೇ ಇರಲಿ, ಗಟ್ಟಿ ಸೂಟ್‌ಕೇಸ್ ಇಡಲು ದೋಣಿಯಲ್ಲಿ ಜಾಗವಿಲ್ಲ. ಸನ್‌ಸ್ಕ್ರೀನ್ ಡಬ್ಬಿ ಓದಿ ತೆಗೆದುಕೊಳ್ಳಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇದ್ದರೆ ಹವಳಕ್ಕೆ ಕೆಡುಕು ಅಂತ 2021ರಿಂದ ಅಲ್ಲಿನ ನ್ಯಾಷನಲ್ ಪಾರ್ಕ್‌ಗಳಲ್ಲಿ ನಿಷೇಧವಿದೆ.

ಕುವೆಂಪುನಗರ:
ಎಲ್ಲವನ್ನೂ ನಿನ್ನೆ ಫೋನಿನಲ್ಲಿ ಗೆಳೆಯರ ಹೆಂಡತಿಗೆ ಓದಿ ಹೇಳಿದೆ. ಹಾಂಗ್ ಕಥೆಗೆ ಬಂದಾಗ ಆಕೆ, "ಕ್ಯಾಪ್ಟನ್ ಇದ್ದರೆ ಬರ್ತೀನಿ, ಇಲ್ಲದಿದ್ದರೆ ಮೈಸೂರಲ್ಲೇ ನಿಮ್ಮನೇಲಿ ಇರ್ತೀನಿ" ಅಂದರು. ಗೆಳೆಯರು ಆಮೇಲೆ ಮಾತಾಡಿಲ್ಲ. ಕ್ಯಾಪ್ಟನ್ ಸಮೇತ ನಾಲ್ಕು ರಾತ್ರಿಗೆ ಬುಕ್ ಮಾಡುತ್ತಿದ್ದೇವೆ.